ಎರೆಮಣ್ಣಿನ ನಾಡಿನಲ್ಲಿ ಬೈಕಿನ ಚೈನಿಗೆ ಯಾವ ಎಣ್ಣೆ?

ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ತೆಲಸಂಗವು ವಿಜಯಪುರ ಜಿಲ್ಲೆಯ ಗಡಿಗೆ ಸಮೀಪದಲ್ಲಿರುವ ಊರು. ತಾಲ್ಲೂಕಿನ ಕೃಷ್ಣಾ ತೀರದ ಹಳ್ಳಿಗಳಲ್ಲಿ ಕಬ್ಬು ಪ್ರಧಾನವಾದರೆ, ಈ ಪೂರ್ವ ಭಾಗದಲ್ಲಿ ದ್ರಾಕ್ಷಿ ಪಡಗಳೂ ಮಳೆಯನ್ನೇ ನಂಬಿದ ಎರೆ ಹೊಲಗಳೂ ಹೆಚ್ಚು. ಊರಿಂದ ಹೊಲಕ್ಕೆ, ಹೊಲದಿಂದ ಪೇಟೆಗೆ ಸಾಗುವ ಬಹುಪಾಲು ಸಂಚಾರ ದ್ವಿಚಕ್ರ ವಾಹನದ ಮೇಲೆಯೇ ನಡೆಯುತ್ತದೆ. ಗೊಬ್ಬರದ ಚೀಲ, ಔಷಧಿಯ ಡಬ್ಬಿ, ಮೇವಿನ ಹೊರೆ, ಹಿಂದೆ ಇಬ್ಬರು ಸವಾರರು, ಇಷ್ಟನ್ನೂ ಎಳೆಯುವ ಬಲ ಇಂಜಿನ್‌ನಿಂದ ಹಿಂದಿನ ಗಾಲಿಗೆ ತಲುಪುವುದು ಅರ್ಧ ಇಂಚಿನ ಕೊಂಡಿಗಳಿಂದ ಹೆಣೆದ ಒಂದು ಸರಪಳಿಯ ಮೂಲಕ. ಇಂಜಿನ್ ಎಣ್ಣೆಯನ್ನು ಕಾಲಕಾಲಕ್ಕೆ ತಪ್ಪದೆ ಬದಲಿಸುವ ಸವಾರರೂ ಈ ಸರಪಳಿಯ ಕಡೆಗೆ ನೋಡುವುದು ಅದು ಸದ್ದು ಮಾಡತೊಡಗಿದ ಮೇಲೆಯೇ. ಆಗ ಗ್ಯಾರೇಜಿನ ಮೂಲೆಯಲ್ಲಿರುವ ಡಬ್ಬಿಯಿಂದ ಸುಟ್ಟ ಆಯಿಲ್ ಸುರಿದು ಸದ್ದನ್ನು ಅಡಗಿಸುವುದು ವಾಡಿಕೆ. ಸದ್ದು ಅಡಗುತ್ತದೆ, ಸವಕಳಿ ಅಡಗುವುದಿಲ್ಲ.

ಕೀಲೆಣ್ಣೆ ಎಂಬ ಶಬ್ದ ಕನ್ನಡಕ್ಕೆ ಹೊಸದಲ್ಲ. ಎತ್ತಿನ ಬಂಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಮಸಿ ಕಲಸಿ ಹಚ್ಚುತ್ತಿದ್ದ ಕಾಲದಿಂದಲೂ ಅದು ಬಳಕೆಯಲ್ಲಿದೆ. ಆದರೆ ಬಂಡಿಯ ಅಚ್ಚು ನಿಧಾನವಾಗಿ ತಿರುಗುವ ಒಂದೇ ಕೀಲು. ಬೈಕಿನ ಸರಪಳಿಯಲ್ಲಿ ನೂರಕ್ಕೂ ಮಿಕ್ಕಿದ ಕೀಲುಗಳಿದ್ದು, ಪ್ರತಿಯೊಂದೂ ಸೆಕೆಂಡಿಗೆ ಹಲವು ಬಾರಿ ಮಡಿಚಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಎಣ್ಣೆಯನ್ನು ಆರಿಸುವ ಮೊದಲು ಅದು ಎಲ್ಲಿಗೆ ಹೋಗಿ ಕೆಲಸ ಮಾಡಬೇಕು ಎಂಬುದನ್ನು ತಿಳಿಯುವುದು ಅಗತ್ಯ.

ಸವೆಯುವುದು ಎಲ್ಲಿ?

ಇಂದಿನ ರೋಲರ್ ಸರಪಳಿಯ ಮೂಲರೂಪಕ್ಕೆ 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹಾನ್ಸ್ ರೆನೋಲ್ಡ್ ಪೇಟೆಂಟ್ ಪಡೆದನು. ಅಲ್ಲಿಂದ ಇಲ್ಲಿಯವರೆಗೆ ಅದರ ಒಳರಚನೆ ಹೆಚ್ಚು ಬದಲಾಗಿಲ್ಲ. ಹೊರಪಟ್ಟಿಗಳೆರಡನ್ನು ಒಂದು ಪಿನ್ ಹಿಡಿದಿರುತ್ತದೆ. ಆ ಪಿನ್ ಒಂದು ಟೊಳ್ಳು ಬುಷ್‌ನೊಳಗೆ ತಿರುಗುತ್ತದೆ. ಬುಷ್‌ನ ಮೇಲೆ ರೋಲರ್ ಉರುಳುತ್ತದೆ. ಹೊರಗಿನಿಂದ ಕಣ್ಣಿಗೆ ಕಾಣುವುದು ರೋಲರ್ ಹಾಗೂ ಪಟ್ಟಿಗಳು ಮಾತ್ರ. ನಿಜವಾದ ತಿಕ್ಕಾಟ ನಡೆಯುವುದು ಪಿನ್ ಹಾಗೂ ಬುಷ್‌ನ ನಡುವೆ, ಕಣ್ಣಿಗೆ ಬೀಳದ ಜಾಗದಲ್ಲಿ.

‘ಚೈನ್ ಉದ್ದವಾಗಿದೆ’ ಎಂದು ಮೆಕ್ಯಾನಿಕ್‌ಗಳು ಹೇಳುವುದುಂಟು. ಆದರೆ ಉಕ್ಕಿನ ಪಟ್ಟಿಗಳು ರಬ್ಬರಿನಂತೆ ಹಿಗ್ಗಿರುವುದಿಲ್ಲ. ಪ್ರತಿ ಪಿನ್ನೂ ಪ್ರತಿ ಬುಷ್ಷೂ ಕೂದಲೆಳೆಯಷ್ಟು ಸವೆದಿರುತ್ತವೆ, ಆ ಎಳೆಗಳೆಲ್ಲ ಕೂಡಿ ಉದ್ದ ಹೆಚ್ಚುತ್ತದೆ. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾದ 428 ಅಳತೆಯ ಸರಪಳಿಯಲ್ಲಿ ಪಿನ್‌ನಿಂದ ಪಿನ್‌ಗೆ ಅಂತರ 12.7 ಮಿ.ಮೀ. 112 ಕೊಂಡಿಗಳಿದ್ದರೆ ಒಟ್ಟು ಉದ್ದ 1,422 ಮಿ.ಮೀ. ಪ್ರತಿ ಕೀಲಿನಲ್ಲಿ ಕಾಲು ಮಿಲಿಮೀಟರ್ ಸವೆದರೆ ಇಡೀ ಸರಪಳಿ 28 ಮಿ.ಮೀ. ಉದ್ದವಾಗುತ್ತದೆ. ಅಂದರೆ ಶೇಕಡಾ 2ರಷ್ಟು. ಅಷ್ಟಾದರೆ ಅದರ ಆಯುಷ್ಯ ಮುಗಿದಂತೆಯೇ. ಅನಂತರ ಕೊಂಡಿಗಳು ಹಲ್ಲುಗಾಲಿಯ ಬುಡದಲ್ಲಿ ಕೂರದೆ ಹಲ್ಲಿನ ಮೇಲ್ಭಾಗಕ್ಕೆ ಏರತೊಡಗುತ್ತವೆ, ಹಲ್ಲುಗಳು ಕೊಕ್ಕೆಯಂತೆ ಬಾಗಿ ಮೊನಚಾಗುತ್ತವೆ. ಅಂಥ ಹಲ್ಲುಗಾಲಿಗೆ ಹೊಸ ಸರಪಳಿ ಹಾಕಿದರೆ ಅದೂ ಬೇಗನೆ ಹಾಳಾಗುವುದರಿಂದ ಸರಪಳಿ ಹಾಗೂ ಎರಡೂ ಹಲ್ಲುಗಾಲಿಗಳನ್ನು ಒಟ್ಟಿಗೇ ಬದಲಿಸುವುದು ಕ್ರಮ. ಸಣ್ಣ ಬೈಕಿಗೇ ಇದು ಸಾವಿರ ರೂಪಾಯಿಯ ಆಸುಪಾಸಿನ ಖರ್ಚು. ದೊಡ್ಡ ಬೈಕುಗಳಲ್ಲಿ ಅದರ ಹಲವು ಪಟ್ಟು.

ಹಣದ ಮಾತು ಹಾಗಿರಲಿ. ಓಡುವಾಗಲೇ ಕಡಿದ ಸರಪಳಿ ಮುಂದಿನ ಹಲ್ಲುಗಾಲಿಯ ಬಳಿ ಮುದ್ದೆಯಾಗಿ ಸಿಕ್ಕಿದರೆ ಇಂಜಿನ್‌ನ ಹೊರಕವಚವನ್ನೇ ಒಡೆಯಬಲ್ಲದು. ಹಿಂದಿನ ಗಾಲಿಗೆ ಸುತ್ತಿಕೊಂಡರೆ ಗಾಲಿ ಒಮ್ಮೆಲೇ ಬಿಗಿದು ಸವಾರರು ಉರುಳುತ್ತಾರೆ. ಹಿಂದೆ ಮಗುವನ್ನೆತ್ತಿ ಕುಳಿತವರಿದ್ದಾಗ ಇದರ ಪರಿಣಾಮವೇನೆಂಬುದನ್ನು ವಿವರಿಸಬೇಕಿಲ್ಲ.

ಮೊದಲು ಸರಪಳಿಯ ಜಾತಿ ತಿಳಿಯಿರಿ

ಎಣ್ಣೆಯ ಆಯ್ಕೆ ಎಣ್ಣೆಯಂಗಡಿಯಲ್ಲಿ ಆಗುವುದಲ್ಲ, ಬೈಕಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದಾಗ ಆಗುವಂಥದು. ಒಳಪಟ್ಟಿ ಹಾಗೂ ಹೊರಪಟ್ಟಿಯ ನಡುವಿನ ಸಂದಿಯಲ್ಲಿ ಕಪ್ಪನೆಯ ತೆಳು ರಬ್ಬರ್ ಉಂಗುರ ಕಂಡರೆ ಅದು ಓ-ರಿಂಗ್ ಸರಪಳಿ. ಉಂಗುರದ ಅಡ್ಡಕೊಯ್ತ ಎಕ್ಸ್ ಆಕಾರದಲ್ಲಿದ್ದರೆ ಅದನ್ನು ಎಕ್ಸ್-ರಿಂಗ್ ಎನ್ನುತ್ತಾರೆ. ಉಂಗುರವೇ ಇಲ್ಲದಿದ್ದರೆ ಅದು ಸಾದಾ ಸರಪಳಿ. ಹೊಲದ ಹಾದಿ ತುಳಿಯುವ 100, 110, 125 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ ಸಾದಾ ಸರಪಳಿಯೂ, ಹೆಚ್ಚಿನ ಸಾಮರ್ಥ್ಯದ ಬೈಕುಗಳಲ್ಲಿ ಬಹುಮಟ್ಟಿಗೆ ಉಂಗುರದ ಸರಪಳಿಯೂ ಇರುತ್ತದೆ. ಹಿಂದಿನ ಮಾಲೀಕರು ಬದಲಿಸಿರುವ ಸಾಧ್ಯತೆ ಇರುವುದರಿಂದ ಕಣ್ಣಾರೆ ನೋಡಿಯೇ ನಿಶ್ಚಯಿಸಿಕೊಳ್ಳುವುದು ಲೇಸು.

ಈ ಎರಡರಲ್ಲಿ ಎಣ್ಣೆಯ ಕೆಲಸವೇ ಬೇರೆ ಬೇರೆ ಎಂಬುದು ಬಹಳ ಸವಾರರಿಗೆ ತಿಳಿಯದ ಸಂಗತಿ. 1970ರ ದಶಕದಲ್ಲಿ ದೊಡ್ಡ ಬೈಕುಗಳಿಗೆ ಬಂದ ಓ-ರಿಂಗ್ ಸರಪಳಿಯಲ್ಲಿ ಪಿನ್ ಹಾಗೂ ಬುಷ್‌ನ ನಡುವೆ ಕಾರ್ಖಾನೆಯಲ್ಲಿಯೇ ಗ್ರೀಸ್ ತುಂಬಿ ಉಂಗುರದಿಂದ ಬಂಧಿಸಿರುತ್ತಾರೆ. ಹೊರಗಿನಿಂದ ಹಚ್ಚುವ ಯಾವ ಎಣ್ಣೆಯೂ ಅಲ್ಲಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಅಲ್ಲಿ ಎಣ್ಣೆಯ ಕೆಲಸ ಮೂರೇ: ರಬ್ಬರ್ ಒಣಗಿ ಬಿರುಕು ಬಿಡದಂತೆ ಕಾಯುವುದು, ರೋಲರ್ ಹಾಗೂ ಹಲ್ಲಿನ ತಿಕ್ಕಾಟ ತಗ್ಗಿಸುವುದು, ಪಟ್ಟಿಗಳಿಗೆ ತುಕ್ಕು ಹಿಡಿಯದಂತೆ ನೋಡುವುದು. ಉಂಗುರ ಒಮ್ಮೆ ಹರಿದರೆ ಒಳಗಿನ ಗ್ರೀಸ್ ಹೊರಟುಹೋಗಿ ಆ ಕೀಲು ಬಿಗಿಯುತ್ತದೆ. ಅದನ್ನು ಮತ್ತೆ ತುಂಬುವ ಉಪಾಯವಿಲ್ಲ.

ಸಾದಾ ಸರಪಳಿಯ ಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಹೊರಗಿನ ಎಣ್ಣೆಯೇ ಪಟ್ಟಿಗಳ ಸಂದಿಯಿಂದ ಇಳಿದು ಪಿನ್‌ನವರೆಗೆ ತಲುಪಬೇಕು. ದಪ್ಪನೆಯ ಗ್ರೀಸ್ ಸಂದಿಯ ಬಾಯಲ್ಲೇ ನಿಲ್ಲುತ್ತದೆ. ಹೊರಗೆ ಕರ್ರಗೆ ಹೊಳೆಯುತ್ತ, ಒಳಗೆ ಒಣಗಿ ಸವೆಯುತ್ತಿರುವ ಸರಪಳಿಗಳನ್ನು ಯಾವ ಊರಿನ ಗ್ಯಾರೇಜಿನಲ್ಲಾದರೂ ನೋಡಬಹುದು.

90 ನಂಬರ್ ಆಯಿಲ್

ಬಹುತೇಕ ತಯಾರಕರ ಕೈಪಿಡಿಗಳು ಸರಪಳಿಗೆ ಸೂಚಿಸುವುದು ಎಸ್‌ಎಇ 90 ದರ್ಜೆಯ ಗೇರ್ ಎಣ್ಣೆ. ಕೆಲವು 80 ಅಥವಾ 90 ಎನ್ನುತ್ತವೆ. ಟ್ರಾಕ್ಟರ್ ಹಾಗೂ ಲಾರಿಗಳ ಗೇರ್‌ಪೆಟ್ಟಿಗೆಗೆ ಬಳಸುವ ಎಣ್ಣೆಯಾದ್ದರಿಂದ ಇದು ಅಥಣಿ, ತೆಲಸಂಗಗಳಂಥ ಕೃಷಿ ಪ್ರಧಾನ ಸೀಮೆಯಲ್ಲಿ ಹುಡುಕಿಕೊಂಡು ಹೋಗಬೇಕಾದ ವಸ್ತುವಲ್ಲ. ಟ್ರಾಕ್ಟರ್ ಇರುವ ಮನೆಗಳಲ್ಲಿ ಅರ್ಧ ಡಬ್ಬಿ ಉಳಿದಿರುವುದೂ ಉಂಟು.

90 ಎಂಬ ಅಂಕಿಯನ್ನು ಕಂಡು ಇದು ಇಂಜಿನ್ ಎಣ್ಣೆಗಿಂತ ಎರಡು ಪಟ್ಟು ದಪ್ಪವೆಂದು ತಿಳಿಯುವವರಿದ್ದಾರೆ. ಅದು ತಪ್ಪು. ಗೇರ್ ಎಣ್ಣೆಗೂ ಇಂಜಿನ್ ಎಣ್ಣೆಗೂ ಅಳತೆಪಟ್ಟಿಗಳೇ ಬೇರೆ. 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಸ್‌ಎಇ 90 ಗೇರ್ ಎಣ್ಣೆಯ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್ಸ್. ಇಂಜಿನ್ ಎಣ್ಣೆಯಲ್ಲಿ 40ರ ದರ್ಜೆಗೆ 12.5ರಿಂದ 16.3, 50ರ ದರ್ಜೆಗೆ 16.3ರಿಂದ 21.9. ಅಂದರೆ 90ರ ಗೇರ್ ಎಣ್ಣೆಯು ಹರಿಯುವ ಗುಣದಲ್ಲಿ 40 ಅಥವಾ 50ರ ಇಂಜಿನ್ ಎಣ್ಣೆಯ ನೆರೆಯದೇ. ಸಂದಿಗೆ ಇಳಿಯುವಷ್ಟು ತೆಳುವಾಗಿಯೂ, ಇಳಿದ ಮೇಲೆ ನಿಲ್ಲುವಷ್ಟು ಗಟ್ಟಿಯಾಗಿಯೂ ಇರುವುದು ಇದರ ಹೆಚ್ಚುಗಾರಿಕೆ. ಡಬ್ಬಿಯ ಮೇಲೆ ಇ.ಪಿ. ಎಂದಿದ್ದರೆ ಅತಿಯಾದ ಒತ್ತಡದಲ್ಲಿ ಲೋಹದ ಮೇಲ್ಮೈಯನ್ನು ಕಾಯುವ ಗಂಧಕ ಹಾಗೂ ರಂಜಕದ ಸಂಯುಕ್ತಗಳನ್ನು ಅದರಲ್ಲಿ ಬೆರೆಸಿದ್ದಾರೆ ಎಂದರ್ಥ. ಮೂಗಿಗೆ ಬಡಿಯುವ ಕಟುವಾಸನೆ ಅದರದೇ. ಜಿಎಲ್-4, ಜಿಎಲ್-5 ಎಂಬ ಗುರುತುಗಳಲ್ಲಿ ಯಾವುದಿದ್ದರೂ ಸರಪಳಿಗೆ ಅಡ್ಡಿಯಿಲ್ಲ. 80ಡಬ್ಲ್ಯು-90 ಎಂದಿದ್ದರೂ ಸರಿಯೇ.

ಇದರ ದೋಷವೂ ಒಂದಿದೆ, ಸಿಡಿಯುತ್ತದೆ. ಮುಂದಿನ ಹಲ್ಲುಗಾಲಿಗೆ 14, ಹಿಂದಿನದಕ್ಕೆ 42 ಹಲ್ಲುಗಳಿರುವ, 18 ಇಂಚಿನ ಗಾಲಿಯ ಬೈಕು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಮುಂದಿನ ಹಲ್ಲುಗಾಲಿ ಸೆಕೆಂಡಿಗೆ ಸುಮಾರು 26 ಸುತ್ತು ಹಾಕುತ್ತದೆ. ಅದನ್ನು ಸುತ್ತಿ ಹೊರಳುವ ಎಣ್ಣೆಯ ಹನಿಯ ಮೇಲೆ ಹೊರಕ್ಕೆಳೆಯುವ ಸೆಳೆತ ಗುರುತ್ವಾಕರ್ಷಣೆಯ ಸುಮಾರು 80 ಪಟ್ಟು. ಸರಪಳಿಯ ಹೊರಮೈಗೆ ಅಂಟಿಕೊಂಡ ಹೆಚ್ಚುವರಿ ಎಣ್ಣೆ ಅಲ್ಲಿ ನಿಲ್ಲುವ ಮಾತೇ ಇಲ್ಲ. ಅದು ಹೋಗಿ ಬೀಳುವುದು ಗಾಲಿಯ ಮೇಲೆ, ಹಿಂದೆ ಕುಳಿತವರ ಇಳಕಲ್ ಸೀರೆಯ ಮೇಲೆ, ಕೆಲವೊಮ್ಮೆ ಟಯರಿನ ಅಂಚಿನ ಮೇಲೆ. ಸೀರೆಯ ಕಲೆಗೆ ಮನೆಯಲ್ಲಿ ಬೈಗುಳ ಕೇಳಿದರೆ ಮುಗಿಯಿತು, ಟಯರಿನ ಅಂಚಿಗೆ ಬಿದ್ದ ಎಣ್ಣೆ ತಿರುವಿನಲ್ಲಿ ಬೈಕನ್ನು ಜಾರಿಸುತ್ತದೆ. ಆದ್ದರಿಂದ ಹಚ್ಚಿದ ಎಣ್ಣೆಯನ್ನು ಒರೆಸುವುದು ಹಚ್ಚುವುದಕ್ಕಿಂತಲೂ ಮುಖ್ಯವಾದ ಕೆಲಸ.

ಸ್ಪ್ರೇ, ಮೇಣ, ಗ್ರೀಸ್, ಸುಟ್ಟ ಆಯಿಲ್

ಪೇಟೆಯಲ್ಲಿ ಸಿಗುವ ಚೈನ್ ಸ್ಪ್ರೇಗಳು ಸಿಡಿಯುವ ದೋಷವನ್ನು ನಿವಾರಿಸಲೆಂದೇ ಬಂದವು. ಆವಿಯಾಗುವ ದ್ರಾವಕದಲ್ಲಿ ಅಂಟುಗುಣದ ಎಣ್ಣೆಯನ್ನು ಕರಗಿಸಿ ತುಂಬಿರುತ್ತಾರೆ. ಸಿಂಪಡಿಸಿದಾಗ ನೀರಿನಂತೆ ಸಂದಿಗೆ ಇಳಿದು, ದ್ರಾವಕ ಆರಿದ ಮೇಲೆ ಅಂಟಿನಂತೆ ನಿಲ್ಲುತ್ತದೆ. ಡಾಂಬರು ರಸ್ತೆಯಲ್ಲೇ ಓಡಾಡುವ, ಉಂಗುರದ ಸರಪಳಿಯುಳ್ಳ ಬೈಕಿಗೆ ಇದು ಒಳ್ಳೆಯ ಆಯ್ಕೆ. ಡಬ್ಬಿಯ ಮೇಲೆ ಓ-ರಿಂಗ್‌ಗೆ ಸುರಕ್ಷಿತ ಎಂಬ ಸೂಚನೆ ಇದೆಯೇ ಎಂದು ನೋಡಿಕೊಳ್ಳತಕ್ಕದ್ದು. ಸಿಂಪಡಿಸಿದ ಕೂಡಲೇ ಹೊರಟರೆ ದ್ರಾವಕದೊಂದಿಗೆ ಎಣ್ಣೆಯೂ ಸಿಡಿದು ಹಣ ವ್ಯರ್ಥ. ರಾತ್ರಿ ಹಚ್ಚಿ ಬೆಳಿಗ್ಗೆ ಹೊರಡುವುದು ಉತ್ತಮ. ಸ್ಪ್ರೇ ಡಬ್ಬಿಗಳನ್ನು 50 ಡಿಗ್ರಿ ಮೀರಿದ ಬಿಸಿಯಲ್ಲಿ ಇಡಬಾರದೆಂಬ ಎಚ್ಚರಿಕೆ ಅವುಗಳ ಮೇಲೆಯೇ ಇರುತ್ತದೆ. ಬಿಸಿಲಲ್ಲಿ ನಿಂತ ಬೈಕಿನ ಪೆಟ್ಟಿಗೆಯಲ್ಲಿ ಅದನ್ನು ಮರೆತು ಬಿಡುವುದು ಈ ಭಾಗದ ಬೇಸಿಗೆಗೆ ತಕ್ಕುದಲ್ಲ.

ಆದರೆ ಅಂಟು ಎಂದರೆ ಅಂಟೇ. ಎಣ್ಣೆಯನ್ನು ಹಿಡಿದಿಡುವ ಅದೇ ಗುಣ ಧೂಳನ್ನೂ ಹಿಡಿಯುತ್ತದೆ. ಎರೆಮಣ್ಣಿನ ಕಣ ಹಿಟ್ಟಿಗಿಂತ ನುಣುಪು. ಅದು ಅಷ್ಟಾಗಿ ಕೊರೆಯದಿದ್ದರೂ ಎಣ್ಣೆಯನ್ನು ಹೀರಿ ಗಟ್ಟಿ ಮುದ್ದೆಯಾಗುತ್ತದೆ. ಗರಸು ಹಾಸಿದ ಹೊಲದ ಹಾದಿಯ ಕಣವಂತೂ ಒರಟು. ಎಣ್ಣೆಯಲ್ಲಿ ಕಲಸಿದ ಗರಸಿನ ಪುಡಿ ಎಂದರೆ ಸಾಣೆಯ ಹಿಟ್ಟು ಎಂದೇ ಅರ್ಥ. ಹೀಗಾಗಿ ದಿನಕ್ಕೆ ನಾಲ್ಕು ಬಾರಿ ಹೊಲದ ಹಾದಿ ತುಳಿಯುವ ಸಾದಾ ಸರಪಳಿಯ ಬೈಕಿಗೆ ದುಬಾರಿ ಅಂಟು ಸ್ಪ್ರೇಗಿಂತ, ಆಗಾಗ ಹಚ್ಚಿ ಚೆನ್ನಾಗಿ ಒರೆಸಿದ 90ರ ಎಣ್ಣೆಯೇ ಮೇಲು. ಮೇಣ ಆಧಾರಿತ ಹಾಗೂ ‘ಡ್ರೈ’ ಎಂದು ಮಾರುವ ಒಣ ಸ್ಪ್ರೇಗಳು ಧೂಳಿಗೆ ಹೆಚ್ಚು ಒಗ್ಗುತ್ತವೆ. ಆದರೆ ಮಳೆಯಲ್ಲಿ ಒಣ ಬಗೆಯವು ಬೇಗ ತೊಳೆದುಹೋಗುತ್ತವೆ.

ಡಬ್ಲ್ಯುಡಿ-40 ಎಂಬ ಪ್ರಸಿದ್ಧ ನೀಲಿ-ಹಳದಿ ಡಬ್ಬಿಯ ವಿಷಯದಲ್ಲಿ ಗೊಂದಲ ಹೆಚ್ಚು. 1953ರಲ್ಲಿ ಅಮೆರಿಕದಲ್ಲಿ ಅದನ್ನು ರೂಪಿಸಿದ್ದು ಲೋಹದ ಮೇಲಿನ ತೇವವನ್ನು ತಳ್ಳಿ ತುಕ್ಕು ತಡೆಯಲು. ನೀರು ಬಿದ್ದ ಸರಪಳಿಯಿಂದ ತೇವ ಓಡಿಸಲು, ಕೊಳೆ ಸಡಿಲಿಸಲು ಅದು ಉಪಯುಕ್ತ. ಆದರೆ ಭಾರ ಹೊತ್ತು ಓಡುವ ಸರಪಳಿಗೆ ಅದೊಂದೇ ಸಾಲದು. ಅದೇ ಕಂಪನಿ ಸರಪಳಿಗೆಂದೇ ಬೇರೆ ಸ್ಪ್ರೇ ಮಾರುತ್ತಿರುವುದು ಇದಕ್ಕೆ ಸಾಕ್ಷಿ.

ಇನ್ನು ಸುಟ್ಟ ಆಯಿಲ್. ಪುಕ್ಕಟೆ ಸಿಗುವುದೇ ಅದರ ಏಕೈಕ ಗುಣ. ಇಂಜಿನ್‌ನಿಂದ ಇಳಿಸಿದ ಎಣ್ಣೆಯಲ್ಲಿ ಇಂಗಾಲದ ಮಸಿ, ಸವೆದ ಲೋಹದ ಕಣ, ಇಂಧನದ ಅಂಶ, ದಹನದಿಂದ ಹುಟ್ಟಿದ ಆಮ್ಲೀಯ ಪದಾರ್ಥಗಳು ಇರುತ್ತವೆ. ಇಂಜಿನ್‌ಗೆ ಬೇಡವೆಂದು ತೆಗೆದದ್ದನ್ನು ಸರಪಳಿಯ ಪಿನ್‌ಗಳಿಗೆ ಉಣಿಸುವುದು ವಿಚಿತ್ರವೇ ಸರಿ. ಬರಿಗೈಯಿಂದ ಅದನ್ನು ಪದೇ ಪದೇ ಮುಟ್ಟುವುದು ಚರ್ಮಕ್ಕೂ ಹಾನಿಕರ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬಳಸದ ಹೊಸ ಇಂಜಿನ್ ಎಣ್ಣೆಯಾದರೆ, 90 ಸಿಗದಿದ್ದಾಗ ಅಡ್ಡಿಯಿಲ್ಲ.

ಅಡುಗೆ ಎಣ್ಣೆ ಹಚ್ಚುವವರೂ ಇದ್ದಾರೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಕ್ರಮೇಣ ಜಿಗುಟಾಗುತ್ತವೆ. ಎರೆ ಹೊಲದ ಕುಸುಬೆಯ ಎಣ್ಣೆಯಂತೂ ಗಾಳಿಗೆ ಒಡ್ಡಿದರೆ ಹೆಪ್ಪುಗಟ್ಟಿ ಪೊರೆಯಾಗುವ ಜಾತಿಯದು. ಆ ಗುಣಕ್ಕಾಗಿಯೇ ಅದನ್ನು ಬಣ್ಣ ಹಾಗೂ ವಾರ್ನಿಶ್‌ಗಳಲ್ಲಿ ಬಳಸುತ್ತಾರೆ. ಸರಪಳಿಯ ಸಂದಿಯಲ್ಲಿ ವಾರ್ನಿಶ್ ಕಟ್ಟಿದರೆ ಕೊಂಡಿಗಳು ಮಡಿಚುವುದಿಲ್ಲ. ರೊಟ್ಟಿಗೆ ಅದು ಶ್ರೇಷ್ಠ, ಬೈಕಿಗೆ ಬೇಡ.

ಗ್ರೀಸ್‌ಗೆ ಒಂದು ಕಾಲದಲ್ಲಿ ಮರ್ಯಾದೆಯ ಸ್ಥಾನವಿತ್ತು. ಸರಪಳಿಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರಾಫೈಟ್ ಬೆರೆಸಿದ ಗ್ರೀಸ್ ಕರಗಿಸಿ ಅದರಲ್ಲಿ ಅದ್ದಿ, ತಣಿದ ಮೇಲೆ ಒರೆಸಿ ತೊಡಿಸುತ್ತಿದ್ದರು. ಕರಗಿದಾಗ ಒಳಗಿಳಿದು ಆರಿದಾಗ ಗಟ್ಟಿಯಾಗುತ್ತಿದ್ದುದರಿಂದ ಅದು ಶಾಸ್ತ್ರೋಕ್ತವೇ. ಇಂದು ಬೆರಳಿನಿಂದ ಮೆತ್ತುವ ತಣ್ಣನೆಯ ಗ್ರೀಸ್‌ಗೆ ಆ ಪುಣ್ಯವಿಲ್ಲ. ಉಂಗುರದ ಸರಪಳಿಯನ್ನು ಬಿಸಿ ಗ್ರೀಸಿನಲ್ಲಿ ಅದ್ದಿದರೆ ರಬ್ಬರ್ ಹಾಳಾಗುತ್ತದೆ.

ಮುಚ್ಚಿದ ಕವಚದೊಳಗಿನ ಕಥೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಬೈಕುಗಳಲ್ಲಿ ಸರಪಳಿಗೆ ಪೂರ್ಣ ಕವಚವಿತ್ತು. ಮೇಲಿನ ಹಾಗೂ ಕೆಳಗಿನ ಎಳೆಗಳೆರಡೂ ರಬ್ಬರ್ ತೋಳುಗಳೊಳಗೆ ಓಡುತ್ತಿದ್ದವು. 1985ರ ಹೀರೋ ಹೋಂಡಾ ಸಿಡಿ 100, 1994ರ ಸ್ಪ್ಲೆಂಡರ್ ಕೂಡ ಪೂರ್ಣ ಕವಚದೊಂದಿಗೇ ಬಂದವು. ಧೂಳಿನ ಹಾದಿಗೆ ಇದಕ್ಕಿಂತ ಉತ್ತಮ ಏರ್ಪಾಡು ಇನ್ನೊಂದಿಲ್ಲ. ಎಣ್ಣೆ ಹೆಚ್ಚು ಕಾಲ ನಿಲ್ಲುತ್ತದೆ, ಸಿಡಿದದ್ದು ಒಳಗೇ ಉಳಿಯುತ್ತದೆ, ಸೀರೆಯ ಸೆರಗು ಸಿಕ್ಕಿಕೊಳ್ಳುವುದಿಲ್ಲ. ಅಂದಕ್ಕೆಂದು ಕವಚವನ್ನು ಕಿತ್ತೆಸೆದು ಓಡಾಡುವ ತರುಣರು ಸರಪಳಿಯ ಆಯುಷ್ಯವನ್ನೂ ಹಿಂದೆ ಕುಳಿತವರ ಸುರಕ್ಷತೆಯನ್ನೂ ಒಟ್ಟಿಗೇ ಕಳೆಯುತ್ತಾರೆ.

ಕವಚದ ತೊಂದರೆ ಒಂದೇ, ಕಾಣದ್ದು ಮರೆತುಹೋಗುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಕವಚ ಬಿಚ್ಚಿ ಸರಪಳಿ ತೊಳೆದರೇ ಎಂದು ಕೇಳುವ ಗ್ರಾಹಕರು ವಿರಳ. ಕವಚದಲ್ಲಿರುವ ರಬ್ಬರ್ ಬಿರಡೆ ತೆಗೆದು ಬಿಗಿತ ನೋಡಿದರೆ ಸಾಕೆಂಬ ಭಾವನೆ ಬೆಳೆದಿದೆ. ಆ ಬಿರಡೆ ಬಿದ್ದುಹೋದ ತೂತಿನಿಂದ ಧೂಳು ಸೇರಿ, ಹಿಂದೆಂದೋ ತುಂಬಿದ ಗ್ರೀಸಿನೊಂದಿಗೆ ಬೆರೆತು, ಕವಚದ ತಳದಲ್ಲಿ ಕರೀ ಹೂರಣದಂತೆ ಕುಳಿತಿರುತ್ತದೆ. ಸರಪಳಿ ಪ್ರತಿ ಸುತ್ತಿಗೂ ಅದರಲ್ಲಿ ಮುಳುಗಿ ಏಳುತ್ತದೆ. ಎರಡು ಸರ್ವಿಸ್‌ಗೊಮ್ಮೆಯಾದರೂ ಕವಚ ಬಿಚ್ಚಿ ಒಳಗನ್ನು ಕೆರೆದು ತೊಳೆಯಬೇಕು. ಬಿರಡೆ ಹೋಗಿದ್ದರೆ ಹೊಸದನ್ನು ಹಾಕಿಸಬೇಕು, ಅದು ಕೆಲವೇ ರೂಪಾಯಿಗಳ ವಸ್ತು.

ಹಚ್ಚುವ ಬಗೆ

ಇಂಜಿನ್ ನಿಂತಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿ ಮೊದಲ ಗೇರಿನಲ್ಲಿ ಗಾಲಿ ತಿರುಗಿಸುತ್ತ ಸರಪಳಿಗೆ ಬಟ್ಟೆ ಹಿಡಿಯುವುದು ಬಹಳ ಕಡೆ ಕಾಣುವ ರೂಢಿ. ಬಟ್ಟೆಯ ಎಳೆ ಹಲ್ಲಿಗೆ ಸಿಕ್ಕಿದ ಕ್ಷಣಾರ್ಧದಲ್ಲಿ ಬೆರಳೂ ಅದರೊಂದಿಗೆ ಹೋಗುತ್ತದೆ. ಸರಪಳಿ ಹಾಗೂ ಹಲ್ಲುಗಾಲಿಯ ನಡುವೆ ಸಿಕ್ಕಿ ತುಂಡಾದ ಬೆರಳುಗಳ ಪ್ರಕರಣಗಳು, ಮಕ್ಕಳದ್ದೂ ಸೇರಿದಂತೆ, ವೈದ್ಯಕೀಯ ಬರಹಗಳಲ್ಲಿ ಸಾಕಷ್ಟು ದಾಖಲಾಗಿವೆ. ಕೈಯಿಂದ ಗಾಲಿ ತಿರುಗಿಸುವಾಗಲೂ ಬಟ್ಟೆಯನ್ನು ಹಲ್ಲುಗಾಲಿಯಿಂದ ದೂರ, ಕೆಳಗಿನ ಎಳೆಯ ನಡುಭಾಗದಲ್ಲಿ ಹಿಡಿಯಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಮೊದಲು ಕೊಳೆ ತೆಗೆಯಬೇಕು. ಕೊಳೆಯ ಮೇಲೆ ಎಣ್ಣೆ ಸುರಿದರೆ ಕೊಳೆಗೆ ಎಣ್ಣೆ ಉಣಿಸಿದಂತಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ ಹಾಗೂ ಬಟ್ಟೆಯ ಚೂರು ಸಾಕು. ಸೀಮೆಎಣ್ಣೆ ಈಗ ಮೊದಲಿನಷ್ಟು ಸುಲಭವಾಗಿ ಸಿಗದಿರುವುದರಿಂದ ಸಾದಾ ಸರಪಳಿಗೆ ಡೀಸೆಲ್ ಬಳಸಬಹುದು. ಉಂಗುರದ ಸರಪಳಿಗೆ ಸೀಮೆಎಣ್ಣೆಯನ್ನಾಗಲಿ ಓ-ರಿಂಗ್‌ಗೆ ಸುರಕ್ಷಿತವೆಂದು ನಮೂದಿಸಿದ ಕ್ಲೀನರನ್ನಾಗಲಿ ಬಳಸಬೇಕೇ ಹೊರತು ಪೆಟ್ರೋಲ್, ಥಿನ್ನರ್‌ಗಳನ್ನಲ್ಲ. ಅವು ರಬ್ಬರನ್ನು ಕೆಡಿಸುತ್ತವೆ, ಪೆಟ್ರೋಲಿಗೆ ಬೆಂಕಿಯ ಭಯ ಬೇರೆ. ತಂತಿಯ ಬ್ರಷ್ಷು ಉಂಗುರಗಳನ್ನು ಹರಿಯುತ್ತದೆ. ವಾಷಿಂಗ್ ಕೇಂದ್ರಗಳ ರಭಸದ ನೀರನ್ನು ಸರಪಳಿಗೆ ನೇರವಾಗಿ ಹಿಡಿಸಬಾರದು, ಅದು ಉಂಗುರ ದಾಟಿ ಒಳಗಿನ ಗ್ರೀಸಿನವರೆಗೆ ಹೋಗಬಲ್ಲದು.

ಸರಪಳಿ ಒಣಗಿದ ಮೇಲೆ ಎಣ್ಣೆಯನ್ನು ಕೆಳಗಿನ ಎಳೆಯ ಒಳಮೈಗೆ, ಅಂದರೆ ಹಲ್ಲುಗಾಲಿಯನ್ನು ತಾಗುವ ಬದಿಗೆ ಹಚ್ಚಬೇಕು. ತಿರುಗುವಾಗ ಎಣ್ಣೆ ಒಳಗಿನಿಂದ ಹೊರಕ್ಕೆ ಚಲಿಸುವುದರಿಂದ ಒಳಮೈಗೆ ಹಚ್ಚಿದ್ದು ಕೀಲುಗಳನ್ನು ಹಾದುಹೋಗುತ್ತದೆ, ಹೊರಮೈಗೆ ಹಚ್ಚಿದ್ದು ನೇರ ಸಿಡಿದುಹೋಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಕುಪ್ಪಿ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಪ್ರತಿ ಕೊಂಡಿಯ ಎರಡೂ ಸಂದಿಗೆ ಒಂದೊಂದು ಹನಿ, ಅಷ್ಟೇ. ಒಂದು ಸುತ್ತಿಗೆ ಎರಡು ಚಮಚ, ಸುಮಾರು 10 ಮಿ.ಲೀ. ಸಾಕಾಗುತ್ತದೆ. ಆ ಲೆಕ್ಕದಲ್ಲಿ ಒಂದು ಲೀಟರ್ ಎಣ್ಣೆ 100 ಬಾರಿಗೆ ಬರುತ್ತದೆ. 500 ಕಿ.ಮೀ.ಗೊಮ್ಮೆ ಹಚ್ಚಿದರೂ 50,000 ಕಿ.ಮೀ. ಓಡಿಸಬಹುದು. ಸುಟ್ಟ ಆಯಿಲ್ ಪುಕ್ಕಟೆ ಎಂಬ ವಾದ ಇಲ್ಲಿಗೆ ಮುಗಿಯುತ್ತದೆ.

ಓಡಿ ಬಂದ ಬೈಕಿನ ಸರಪಳಿ ಬೆಚ್ಚಗಿರುವಾಗ, ಸಂಜೆಯ ಹೊತ್ತು ಹಚ್ಚುವುದು ಉತ್ತಮ. ರಾತ್ರಿಯಿಡೀ ಎಣ್ಣೆ ಒಳಗಿಳಿಯುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಒಣ ಬಟ್ಟೆಯಿಂದ ಹೊರಮೈ ಒರೆಸಬೇಕು. ಬೆರಳಿಗೆ ತೆಳ್ಳನೆಯ ಜಿಡ್ಡು ಮಾತ್ರ ತಾಗುವಂತಿದ್ದರೆ ಸರಿ. ಸಾದಾ ತೆರೆದ ಸರಪಳಿಗೆ 300ರಿಂದ 500 ಕಿ.ಮೀ.ಗೊಮ್ಮೆ, ಉಂಗುರದ್ದಕ್ಕೆ ಕೈಪಿಡಿಯ ಪ್ರಕಾರ, ಸಾಮಾನ್ಯವಾಗಿ 500 ಕಿ.ಮೀ. ಆಸುಪಾಸಿನಲ್ಲಿ ಹಚ್ಚಬೇಕು. ಮಳೆಯಲ್ಲಿ ನೆನೆದರೆ ಕಿಲೋಮೀಟರಿನ ಲೆಕ್ಕ ನೋಡದೆ ಅಂದೇ.

ರಾಡಿ, ಗೊಬ್ಬರ, ಮೈಲುತುತ್ತ

ಈ ಸೀಮೆಯಲ್ಲಿ ಮಳೆ ಕಡಿಮೆ. ಆದರೆ ಬಿದ್ದಾಗ ಎರೆಮಣ್ಣಿನ ರಾಡಿ ಸರಪಳಿ ಹಾಗೂ ಮಡ್‌ಗಾರ್ಡ್ ನಡುವೆ ತುರುಕಿ ಗಾಲಿಯೇ ತಿರುಗದಂತಾಗುತ್ತದೆ. ಅದನ್ನು ಹಸಿ ಇರುವಾಗಲೇ ಕಡ್ಡಿಯಿಂದ ತೆಗೆದು ನೀರಿನಿಂದ ತೊಳೆಯುವುದು ಮೇಲು. ಒಣಗಿದ ಮೇಲೆ ಅದು ಇಟ್ಟಿಗೆ. ಸಂದಿಯಲ್ಲಿ ಉಳಿದ ಮಣ್ಣು ತೇವವನ್ನು ಬಹಳ ಹೊತ್ತು ಹಿಡಿದಿಟ್ಟು ತುಕ್ಕಿಗೆ ದಾರಿ ಮಾಡುತ್ತದೆ.

ದ್ರಾಕ್ಷಿ ಬೆಳೆಗಾರರು ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿಯಿದೆ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಉಜ್ಜಿದ ಚಾಕು ಅಥವಾ ಕುಡಗೋಲನ್ನು ಅದರಲ್ಲಿ ಅದ್ದಿ ನೋಡುವ ಪರೀಕ್ಷೆ ಅವರಿಗೆ ಪರಿಚಿತವೇ. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ಅಲಗಿನಲ್ಲಿ ಆಗುವುದೇ ಸರಪಳಿಯಲ್ಲೂ ಆಗುತ್ತದೆ. ತಾಮ್ರ ಕೂರುವುದೆಂದರೆ ಅಷ್ಟು ಕಬ್ಬಿಣ ಕರಗಿಹೋಯಿತೆಂದು ಅರ್ಥ. ಮೈಲುತುತ್ತದ ನೀರು ಬೈಕಿನ ಹಿಂಭಾಗದಿಂದ ಸೋರಿ ಸರಪಳಿಯ ಮೇಲೆ ಬಿದ್ದರೆ ತಡಮಾಡದೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ರಾಸಾಯನಿಕ ಗೊಬ್ಬರದ ಹರಳುಗಳೂ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತವೆ. ಹರಿದ ಚೀಲ ಹೇರಿದ ದಿನ ಸರಪಳಿಯ ಕಡೆ ಒಮ್ಮೆ ನೋಡುವುದು ಒಳಿತು.

ಬಿಗಿತ ಮತ್ತು ಅಳತೆ

ಎಷ್ಟೇ ಒಳ್ಳೆಯ ಎಣ್ಣೆಯಾದರೂ ಅತಿ ಬಿಗಿದ ಸರಪಳಿಯನ್ನು ಉಳಿಸಲಾರದು. ಕೆಳಗಿನ ಎಳೆಯ ನಡುವೆ ಬೆರಳಿನಿಂದ ಎತ್ತಿ ಇಳಿಸಿದಾಗ ಬಹುತೇಕ ಸಣ್ಣ ಬೈಕುಗಳಲ್ಲಿ 20ರಿಂದ 30 ಮಿ.ಮೀ. ಆಟವಿರಬೇಕು. ನಿಖರ ಅಂಕಿ ಆಯಾ ಬೈಕಿನ ಕೈಪಿಡಿಯಲ್ಲಿರುತ್ತದೆ. ಸರಪಳಿ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲವಾದ್ದರಿಂದ ಗಾಲಿಯನ್ನು ತಿರುಗಿಸಿ ಅತಿ ಬಿಗಿಯಾದ ಜಾಗದಲ್ಲಿ ನೋಡಿ ಹೊಂದಿಸಬೇಕು. ಬದಲಿಸುವ ಕಾಲ ಬಂತೇ ಎಂದು ತಿಳಿಯಲು ಒಂದು ಸ್ಕೇಲು ಸಾಕು. 428ರ ಸರಪಳಿಯಲ್ಲಿ 21 ಪಿನ್‌ಗಳನ್ನು ಎಣಿಸಿ, ಎಳೆಯನ್ನು ಸೆಟೆದು ಹಿಡಿದು, ಮೊದಲ ಪಿನ್‌ನ ನಡುವಿನಿಂದ ಕೊನೆಯ ಪಿನ್‌ನ ನಡುವಿಗೆ ಅಳೆದರೆ ಹೊಸದರಲ್ಲಿ 254 ಮಿ.ಮೀ. ಇರುತ್ತದೆ. ಅದು 259 ಮುಟ್ಟಿದರೆ ಯಾವ ಎಣ್ಣೆಯೂ ಪ್ರಯೋಜನಕ್ಕೆ ಬಾರದು. ಸರಪಳಿಯನ್ನು ಬಿಚ್ಚಿ ಜೋಡಿಸುವಾಗ ಜೋಡು ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಸರಪಳಿ ಚಲಿಸುವ ದಿಕ್ಕಿಗೆ ಇರಬೇಕು. ಹಿಂದುಮುಂದಾದರೆ ಕ್ಲಿಪ್ಪು ಕಳಚಿಬೀಳುವ ಸಂಭವವಿದೆ.

ತೊಳೆದುಳಿದ ಕೊಳೆ ಸೀಮೆಎಣ್ಣೆಯನ್ನೂ ಇಂಜಿನ್‌ನಿಂದ ಇಳಿಸಿದ ಎಣ್ಣೆಯನ್ನೂ ಬಾವಿಯ ದಂಡೆಗಾಗಲಿ ಪಡದ ಬದುವಿಗಾಗಲಿ ಚೆಲ್ಲಬಾರದು. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸುವುದು ಸರಿಯಾದ ಕ್ರಮ. ಎಣ್ಣೆ ಒರೆಸಿದ ಬಟ್ಟೆಗಳನ್ನು ಒಲೆಯ ಹತ್ತಿರ ಇಡಕೂಡದು.